ಬೆರಳು ಬಿಚ್ಚುವುದೂ ಒಂದು ಕೆಲಸ

ನನ್ನ ಕೈಯ ಬಲ ಕುಂದಿದ್ದು ಮೊದಲು ಗೊತ್ತಾಗಿದ್ದು ಜೋಳದ ರೊಟ್ಟಿಯಲ್ಲಿ. ಎಸರು ಹಾಕಿದ ಹಿಟ್ಟನ್ನು ಅಂಗೈಯಿಂದ ಒತ್ತಿ ನಾದಲು ಆಗುತ್ತಿರಲಿಲ್ಲ. ಬಡಿದರೆ ಅಂಚು ಬಿರಿಯುತ್ತಿತ್ತು. ರಾಯಚೂರಿನ ಫಿಸಿಯೋಥೆರಪಿಸ್ಟ್ ಒಬ್ಬರು ಹಿಡಿತ ಅಳೆಯುವ ಉಪಕರಣವನ್ನು ಅದುಮಿಸಿ ನೋಡಿದರು: 15 ಕಿಲೋ. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಅಳತೆಯಂತೆ ಮಹಿಳೆಯರಲ್ಲಿ 18, ಪುರುಷರಲ್ಲಿ 28 ಕಿಲೋಗಿಂತ ಕಡಿಮೆ ಬಂದರೆ ಹಿಡಿತ ದುರ್ಬಲವೆಂದೇ ಲೆಕ್ಕ. ಕೈಗೆ ವ್ಯಾಯಾಮ ಬೇಕು ಎಂದರು ಅವರು.

"ದಿನವಿಡೀ ಮನೆಗೆಲಸ ಮಾಡುತ್ತೇನೆ, ಮತ್ತೆ ವ್ಯಾಯಾಮ ಏಕೆ?" ಎಂದೆ.

"ಅಮ್ಮಾ, ಬಟ್ಟೆ ಹಿಂಡುವುದು, ಕೊಡ ಎತ್ತುವುದು ಎಲ್ಲವೂ ಬೆರಳು ಮಡಿಸುವ ಕೆಲಸ. ಬಿಚ್ಚುವ ಕೆಲಸ ಯಾವುದಿದೆ ಹೇಳಿ?" ಎಂದರು. ಈ ಪ್ರಶ್ನೆಯೇ ನನ್ನನ್ನು ಒಪ್ಪಿಸಿತು.

ಬೆಳಿಗ್ಗೆ ಐದು ನಿಮಿಷ ಕೈಗಳನ್ನು ಬೆಚ್ಚಗಿನ ನೀರಿನಲ್ಲಿ ಇಡುತ್ತೇನೆ. (ನಮ್ಮ ಬೇಸಿಗೆಯಲ್ಲಿ ನೀರು ಕಾಯಿಸುವ ಗೋಜಿಲ್ಲ, ಟ್ಯಾಂಕಿನ ನೀರೇ ಸಾಕು.) ಆಮೇಲೆ ಬೆರಳು ನೇರ, ತುದಿಯ ಎರಡು ಗೆಣ್ಣು ಮಾತ್ರ ಮಡಿಸಿ ಕೊಕ್ಕೆಯಂತೆ, ಮತ್ತೆ ನೇರ, ಪೂರ್ತಿ ಮುಷ್ಟಿ, ಮತ್ತೆ ನೇರ. ಆಗ ಇನ್ನೊಂದು ಕೈಯಿಂದ ಮುಂಗೈಯನ್ನು ಹಿಡಿದು ನೋಡಿ, ಒಳಗೆ ಮಿಸುಕಾಡುವುದು ತಿಳಿಯುತ್ತದೆ. ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಇರುವುದೇ ಅಲ್ಲಿ. ಇದನ್ನು ದಿನವೂ ಮಾಡಬಹುದು.

ನನಗೆ ಹೆಚ್ಚು ಉಪಕಾರವಾದದ್ದು ಬಿಟ್ಟಿ ಸಿಗುವ ರಬ್ಬರ್ ಬ್ಯಾಂಡ್. ಐದೂ ಬೆರಳ ತುದಿ ಕೂಡಿಸಿ, ಉಗುರಿನ ಕೆಳಗೆ ಬ್ಯಾಂಡ್ ಹಾಕಿ, ಹೂವರಳಿದಂತೆ ನಿಧಾನವಾಗಿ ಬಿಚ್ಚುತ್ತೇನೆ. ಮುಚ್ಚುವಾಗಲೂ ಅಷ್ಟೇ ನಿಧಾನ. ಬ್ಯಾಂಡ್ ಎಳೆದಂತೆ ಬಿಟ್ಟುಬಿಟ್ಟರೆ ಅರ್ಧ ಲಾಭ ಹೋಯಿತು. ಮೊದಲು ಕಿರುಬೆರಳು ಅಲುಗುತ್ತಲೇ ಇರಲಿಲ್ಲ. ರವಿಕೆಯ ಹುಕ್ಕು ಹಾಕಲು ಬೇಕಾದ ಚಿವುಟುವ ಬಲಕ್ಕೆ ಬಟ್ಟೆಯ ಕ್ಲಿಪ್ಪು: ಹೆಬ್ಬೆರಳಿನ ಜೊತೆ ಒಂದೊಂದೇ ಬೆರಳು ಸೇರಿಸಿ ಅದುಮಿ ತೆರೆಯುವುದು. ಹೆಬ್ಬೆರಳ ಬುಡ ನೋಯುವವರು ಸಡಿಲ ಕ್ಲಿಪ್ಪು ಹಿಡಿಯಲಿ. ಕೊನೆಗೆ ಸುತ್ತಿದ ಟವೆಲನ್ನು ಐದು ಸೆಕೆಂಡು ಹಿಚುಕಿ ಬಿಡುವುದು, ಹತ್ತು ಸಲ. ಬಲದ ಈ ವ್ಯಾಯಾಮಗಳನ್ನು ದಿನ ಬಿಟ್ಟು ದಿನ ಮಾಡುತ್ತೇನೆ.

ಅಂಗಡಿಯ ಗಟ್ಟಿ ಚೆಂಡನ್ನು ಟಿವಿ ನೋಡುತ್ತ ಗಂಟೆಗಟ್ಟಲೆ ಹಿಚುಕುವವರನ್ನು ಕಂಡರೆ ನನಗೆ ಸಮಾಧಾನವಿಲ್ಲ. ಮಡಿಸಿದ ಬೆರಳು ಸಿಕ್ಕಿಕೊಂಡು ಟಕ್ಕೆಂದು ಬಿಡುವ ತೊಂದರೆ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಬೆರಳು ಹೀಗೆ ಸಿಕ್ಕಿಕೊಳ್ಳುವವರಿಗೆ ಬಿಗಿಯಾಗಿ ಹಿಚುಕುವುದು ಒಳ್ಳೆಯದಲ್ಲ. ಗೆಣ್ಣು ಕೆಂಪಾಗಿ, ಬಿಸಿಯಾಗಿ ಊದಿದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಒಂದೇ ಕೈ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ ಅದು ಪಾರ್ಶ್ವವಾಯು ಇರಬಹುದು. ವ್ಯಾಯಾಮದ ಮಾತೇ ಬೇಡ, ತಕ್ಷಣ ಆಸ್ಪತ್ರೆಗೆ ಹೊರಡಿ.