ಕ್ರೋಶಾ ಕುಲಾವಿ ಅಂಚು ಬಿಗಿ ಬರ್ತಿದ್ರೆ ಚೈನ್ ಬಿಟ್ಟು ಹೀಗ್ ಶುರು ಮಾಡಿ

ಅಕ್ಕಂದಿರೇ, ನಮ್ಮ ಚಿಕ್ಕಬಳ್ಳಾಪುರದಲ್ಲಿ ಚಳಿ ಶುರುವಾಯ್ತು ಅಂದ್ರೆ ನಾನು ಉಲ್ಲನ್ ಹಿಡ್ಕೊಂಡು ಕೂತ್ಕೋತೀನಿ. ಹೋದ್ಸಲ ತಂಗಿ ಮಗೂಗೆ ಹಾಕಿದ ಕುಲಾವಿ ಮೆತ್ತಗೆ ಚೆನ್ನಾಗೇ ಬಂತು, ಆದ್ರೆ ಶುರುವಲ್ಲಿ ಹಾಕಿದ ಚೈನ್ (ದಾರದ ಕುಣಿಕೆಗಳ ಸಾಲು) ಎಷ್ಟು ಎಳೆದ್ರೂ ಹಿಗ್ಗಲಿಲ್ಲ, ತಲೆಗೆ ಇಳೀಲೇ ಇಲ್ಲ, ಪೂರ್ತಿ ಬಿಚ್ಚಬೇಕಾಯ್ತು.

ಅದಕ್ಕೇ ಹೇಳ್ತಿದೀನಿ, ಫೌಂಡೇಶನ್ ಸಿಂಗಲ್ ಕ್ರೋಶಾ ಕಲ್ತ್ಕೊಳ್ಳಿ. ಚೈನೂ ಮೊದಲ್ನೇ ಸಾಲೂ ಒಟ್ಟಿಗೇ ಬರತ್ತೆ, ಅಂಚು ಚೆನ್ನಾಗಿ ಹಿಗ್ಗತ್ತೆ. 2 ಚೈನ್ ಹಾಕಿ, ಹುಕ್‌ನಿಂದ ಎರಡನೇ ಚೈನ್‌ಗೆ ಚುಚ್ಚಿ ದಾರ ಎಳ್ಕೊಳ್ಳಿ, ಹುಕ್ ಮೇಲೆ 2 ಲೂಪ್ ಇರತ್ತೆ. ಈಗ ದಾರ ಸುತ್ತಿ ಬರೀ 1 ಲೂಪ್ ಒಳಗಿಂದ ತೆಗೀರಿ, ಇದೇ ಕೆಳಗಿನ ಚೈನ್. ಮತ್ತೆ ಸುತ್ತಿ 2 ಲೂಪಿಂದಲೂ ತೆಗುದ್ರೆ ಒಂದು ಹೊಲಿಗೆ ಆಯ್ತು. ಮುಂದಿನದಕ್ಕೆ ಆ ಕೆಳಗಿನ ಚೈನ್ ಇದ್ಯಲ್ಲ, ಅದರ 2 ಎಳೆ ಅಡಿಗೆ ಹುಕ್ ತೂರಿಸಿ ಅದೇ ತರ ಮಾಡ್ತಾ ಹೋಗಿ.

ಎಲ್ಲರೂ ತಪ್ಪೋದು ಇಲ್ಲೇ, ಆ ಚೈನ್ ಕಣ್ಣಿಗೆ ಬೀಳಲ್ಲ, ಅದಕ್ಕೆ ಹಾಕಿದ ತಕ್ಷಣ ಹೆಬ್ಬೆರಳಲ್ಲಿ ಒತ್ತಿ ಹಿಡ್ಕೊಳ್ಳಿ ಇಲ್ಲಾ ಒಂದು ಪಿನ್ನು ಸಿಕ್ಕಿಸಿ, ಮತ್ತೆ ಆ ಒಂದು ಲೂಪ್ ತೆಗೆಯೋವಾಗ ಕೈ ಸಡಿಲ ಇರ್ಲಿ, ಬಿಗಿ ಮಾಡಿದ್ರೆ ಪ್ರಯೋಜನ ಇಲ್ಲ. ಮೊದಲು ತಿಳಿ ಬಣ್ಣದ ದಪ್ಪ ದಾರದಲ್ಲಿ ಒಂದು 20 ಹೊಲಿಗೆ ಹಾಕಿ ನೋಡಿ, ಕಪ್ಪು ದಾರ ಮಾತ್ರ ಬೇಡ.

ಇನ್ನೊಂದು ಅನುಕೂಲ, ನೂರು ಚೈನ್ ಎಣಿಸೋ ಕೆಲ್ಸ ಇಲ್ಲ, ತಲೆ ಸುತ್ತ ಅಳತೆ ಹಿಡ್ಕೊಂಡು ಬೇಕಾದಷ್ಟು ಉದ್ದ ಮಾಡ್ಬಹುದು. ಶುರುವಲ್ಲಿ ಒಂದು ಗೇಣು ದಾರ ಬಿಟ್ಟಿರಿ, ಎರಡೂ ತುದಿ ಸೇರಿಸಿ ಸುತ್ತು ಮಾಡಿದ್ಮೇಲೆ ಕೆಳಗೆ ಚೂರು ಸಂದಿ ಉಳಿಯತ್ತೆ, ಅದನ್ನ ಹೊಲಿಯೋಕೆ ಬೇಕಾಗತ್ತೆ.