ಹೊಸ ಹೈಬ್ರಿಡ್ ಕಾರು ಓಡಿಸುವುದು ಹೇಗೆ? ಮೊದಲು ಬ್ರೇಕ್ ಕಲಿಯಿರಿ

ಹೊಸ ಕಾರಿನ ಕೀಲಿ ಕೈಗೆ ಬಂದ ದಿನವೇ ಆಗುವ ಗೊಂದಲವೊಂದಿದೆ. ಗುಂಡಿ ಒತ್ತಿದರೂ ಸದ್ದಿಲ್ಲ. ಚಾಲೂ ಆಗಲಿಲ್ಲವೇನೋ ಎಂದು ಮತ್ತೆ ಒತ್ತುತ್ತೇವೆ, ಕಾರು ಆರಿಹೋಗುತ್ತದೆ. ಪೆಟ್ರೋಲ್ ಎಂಜಿನ್, ವಿದ್ಯುತ್ ಮೋಟಾರು ಎರಡೂ ಇರುವ ಹೈಬ್ರಿಡ್ ಕಾರು ಹೊರಡಲು ಸಿದ್ಧವಾಗಿದೆ ಎಂಬುದಕ್ಕೆ ಗುರುತು ಎಂಜಿನ್ ಸದ್ದಲ್ಲ, ಮೀಟರ್ ಫಲಕದಲ್ಲಿ ಹೊತ್ತುವ ‘ರೆಡಿ’ ದೀಪ. ಬ್ರೇಕ್ ತುಳಿದುಕೊಂಡು ಗುಂಡಿ ಒತ್ತಿ, ದೀಪ ನೋಡಿ, ಗೇರ್ ಹಾಕಿ. ಇಳಿಯುವಾಗಲೂ ಅದೇ ದೀಪವನ್ನು ನೋಡಿ. ಅದು ಉರಿಯುತ್ತಿದ್ದರೆ ಎಂಜಿನ್ ಯಾವ ಗಳಿಗೆಯಲ್ಲಾದರೂ ತಾನಾಗಿ ಶುರುವಾಗಬಹುದು. ಮುಚ್ಚಿದ ಗ್ಯಾರೇಜಿನಲ್ಲಿ ಆ ಹೊಗೆ ಪ್ರಾಣಕ್ಕೇ ಕುತ್ತು.

ನಾನು ಹೇಳುತ್ತಿರುವುದು ‘ಸ್ಟ್ರಾಂಗ್ ಹೈಬ್ರಿಡ್’, ಅಂದರೆ ಮೋಟಾರೊಂದರಿಂದಲೇ ಸ್ವಲ್ಪ ದೂರ ಓಡಬಲ್ಲ ಕಾರುಗಳ ವಿಷಯ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈರೈಡರ್, ಇನ್ನೋವಾ ಹೈಕ್ರಾಸ್‌ಗಳ ಹೈಬ್ರಿಡ್ ಮಾದರಿಗಳು ಈ ಜಾತಿಯವು. ಇವನ್ನು ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಬೇಕಿಲ್ಲ. ಹೈರೈಡರ್‌ನ ಹೈಬ್ರಿಡ್ ಬ್ಯಾಟರಿಯ ಸಾಮರ್ಥ್ಯ ಸುಮಾರು 0.76 ಕಿಲೋವ್ಯಾಟ್ ಅವರ್, ಸಾಮಾನ್ಯ ಎಲೆಕ್ಟ್ರಿಕ್ ಸ್ಕೂಟರಿನದಕ್ಕಿಂತಲೂ ಕಡಿಮೆ. ಇಷ್ಟು ಚಿಕ್ಕ ಬ್ಯಾಟರಿ ಒಂದೇ ದಿನದಲ್ಲಿ ಹಲವು ಬಾರಿ ತುಂಬಿ ಬರಿದಾಗುತ್ತದೆ. ಅದನ್ನು ಪುಕ್ಕಟೆಯಾಗಿ ತುಂಬಿಸುವ ದಾರಿ ನಿಮ್ಮ ಬಲಗಾಲಿನ ಕೆಳಗಿದೆ.

ಹಾಗಾಗಿ ಮೊದಲ ವಾರ ಬ್ರೇಕ್ ಅಭ್ಯಾಸ ಮಾಡಿ. ದೂರದಲ್ಲಿ ಕೆಂಪು ಸಿಗ್ನಲ್ ಕಂಡೊಡನೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಬ್ರೇಕನ್ನು ಮುಂಚಿತವಾಗಿಯೇ, ಮೆಲ್ಲಗೆ ಮುಟ್ಟಿ. ಮೀಟರಿನ ಮುಳ್ಳು ‘ಚಾರ್ಜ್’ ಭಾಗಕ್ಕೆ ಇಳಿಯುತ್ತದೆ. ಆಗ ಮೋಟಾರು ಜನರೇಟರ್ ಆಗಿ ತಿರುಗಿ, ಕಾರಿನ ಓಟವನ್ನೇ ವಿದ್ಯುತ್ತಾಗಿಸಿ ಬ್ಯಾಟರಿಗೆ ಕಳುಹಿಸುತ್ತಿರುತ್ತದೆ. ಕೊನೆಯ ಗಳಿಗೆಯಲ್ಲಿ ಗಕ್ಕನೆ ತುಳಿದರೆ ಮಾಮೂಲಿ ಬ್ರೇಕ್ ಪ್ಯಾಡುಗಳು ಮಧ್ಯೆ ಬರುತ್ತವೆ, ಬಹಳಷ್ಟು ಶಕ್ತಿ ಬಿಸಿಯಾಗಿ ಹಾಳಾಗುತ್ತದೆ. ಹೊರಡುವಾಗ ಹದವಾಗಿ ವೇಗ ಏರಿಸಿ. ಆಮೇಲೆ ಕಾಲನ್ನು ಒಮ್ಮೆ ಪೂರ್ತಿ ಎತ್ತಿ, ಮತ್ತೆ ಹಗುರವಾಗಿ ಇಟ್ಟರೆ ಅನೇಕ ಸಲ ಎಂಜಿನ್ ನಿಂತು ಕಾರು ಬ್ಯಾಟರಿಯಲ್ಲೇ ಸಾಗುತ್ತದೆ. ನಾಲ್ಕು ದಿನದಲ್ಲಿ ಕಾಲಿಗೆ ರೂಢಿಯಾಗುತ್ತದೆ. ಬೆಂಗಳೂರಿನ ಜಂಗುಳಿಯಲ್ಲಿ ಈ ಕಾರು ಹೆದ್ದಾರಿಗಿಂತ ಚೆನ್ನಾಗಿ ಮೈಲೇಜ್ ಕೊಡುವುದು ಇದರಿಂದಲೇ.

ಸಿಗ್ನಲ್‌ನಲ್ಲಿ ಗೇರನ್ನು ‘ಎನ್’ಗೆ (ನ್ಯೂಟ್ರಲ್) ಹಾಕುವ ಹಳೆಯ ಅಭ್ಯಾಸವನ್ನು ಬಿಡಲೇಬೇಕು. ‘ಎನ್’ನಲ್ಲಿದ್ದಾಗ ಹೈಬ್ರಿಡ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎ.ಸಿ. ಮಾತ್ರ ಅದನ್ನು ಹೀರುತ್ತಲೇ ಇರುತ್ತದೆ. ‘ಡಿ’ಯಲ್ಲೇ (ಡ್ರೈವ್) ಬ್ರೇಕ್ ತುಳಿದು ನಿಲ್ಲಿ.

ಘಟ್ಟ ಇಳಿಯುವುದು ಬೇರೆಯೇ ಪಾಠ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ, ನಿಮ್ಮ ಕಾರಿನಲ್ಲಿ ‘ಬಿ’ ಇದ್ದರೆ, ಗೇರನ್ನು ಅದಕ್ಕೆ ತನ್ನಿ; ಅದು ಇಳಿಜಾರಿನಲ್ಲಿ ವೇಗ ತಡೆಯುವ ಗೇರ್. ಮೊದಮೊದಲು ಪರದೆಯ ಮೇಲೆ ಚಕ್ರದಿಂದ ಬ್ಯಾಟರಿಯತ್ತ ಬಾಣದ ಗುರುತು ಹರಿಯುತ್ತಿರುತ್ತದೆ. ಕೆಲವು ತಿರುವು ಕಳೆಯುವಷ್ಟರಲ್ಲಿ ಬ್ಯಾಟರಿ ತುಂಬುತ್ತದೆ, ಇದ್ದಕ್ಕಿದ್ದಂತೆ ಎಂಜಿನ್ ಜೋರಾಗಿ ಮೊರೆಯತೊಡಗುತ್ತದೆ. ಹಿಂದೆ ಕುಳಿತ ಅಮ್ಮ ‘ಏನಾಯಿತೋ, ನಿಲ್ಲಿಸು’ ಎಂದು ಗಾಬರಿಯಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಏನೂ ಆಗಿರುವುದಿಲ್ಲ. ವಿದ್ಯುತ್ ತುಂಬಲು ಜಾಗವಿಲ್ಲದ ಕಾರಣ ಕಾರು ಎಂಜಿನ್ನನ್ನೇ ತಿರುಗಿಸಿ ವೇಗ ತಡೆಯುತ್ತಿರುತ್ತದೆ. ಸಪಾಟು ರಸ್ತೆಗೆ ಬಂದ ಮೇಲೆ ಮರೆಯದೆ ‘ಡಿ’ಗೆ ಮರಳಿ, ಇಲ್ಲದಿದ್ದರೆ ಪೆಟ್ರೋಲ್ ವ್ಯರ್ಥ.

ಇನ್ನು ಹೆಚ್ಚಿನವರು ಗಮನಿಸದ ಸಂಗತಿ: ಈ ಕಾರಿನಲ್ಲಿ ಎರಡು ಬ್ಯಾಟರಿಗಳಿವೆ. ದೊಡ್ಡದು ಚಕ್ರ ತಿರುಗಿಸುತ್ತದೆ, ಮಾಮೂಲಿ 12 ವೋಲ್ಟಿನದು ಕಂಪ್ಯೂಟರುಗಳನ್ನು ಎಚ್ಚರಿಸುತ್ತದೆ. ನಾವು ಮೂರು ವಾರ ಊರಿಗೆ ಹೋಗಿ ಬಂದಾಗ ಕಾರಿನ ಬಾಗಿಲೇ ತೆರೆಯಲಿಲ್ಲ. ರಿಮೋಟಿನೊಳಗೆ ಇರುವ ಲೋಹದ ಕೀಲಿಯಿಂದ ತೆರೆದು, ಪಕ್ಕದ ಮನೆಯವರ ಕಾರಿನಿಂದ ಜಂಪರ್ ಕೇಬಲ್ ಹಾಕಬೇಕಾಯಿತು. ದೊಡ್ಡ ಬ್ಯಾಟರಿ ತುಂಬಿದ್ದರೂ ಚಿಕ್ಕದು ಸತ್ತರೆ ‘ರೆಡಿ’ ದೀಪ ಹೊತ್ತುವುದಿಲ್ಲ. ಕಾರು ಸುಮ್ಮನೆ ನಿಂತಿದ್ದರೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ ಬನ್ನಿ.

ಹೈಬ್ರಿಡ್ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಎಲ್ಲಿದೆಯೆಂದು ಕೈಪಿಡಿ ನೋಡಿ ಗುರುತಿಟ್ಟುಕೊಳ್ಳಿ. ಅನೇಕ ಕಾರುಗಳಲ್ಲಿ ಅದು ಸೀಟಿನ ಬಳಿಯೇ ಇರುತ್ತದೆ. ಅದರ ಮುಂದೆ ಚೀಲ, ಜಮಖಾನ ಒತ್ತರಿಸಬೇಡಿ. ಅಲ್ಲಿನ ಫಿಲ್ಟರಿನ ಧೂಳು ತೆಗೆದರೇ ಎಂದು ಸರ್ವಿಸ್‌ನಲ್ಲಿ ಕೇಳಿ. ಕಿತ್ತಳೆ ಬಣ್ಣದ ತಂತಿಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಅವುಗಳಲ್ಲಿ ಹರಿಯುವುದು ಜೀವ ತೆಗೆಯುವಷ್ಟು ವಿದ್ಯುತ್. ಕಾರು ಕೆಟ್ಟು ನಿಂತರೆ ಮುಂದಿನ ಚಕ್ರ ನೆಲಕ್ಕೆ ತಾಗುವಂತೆ ಎಳೆಸದೆ, ಲಾರಿಯ ಮೇಲೆ ಹೇರಿಸಿ.

ಮೈಲೇಜ್ ಅಳೆಯಲು ಪರದೆಯ ಅಂಕಿಯನ್ನಷ್ಟೇ ನೆಚ್ಚಬೇಡಿ. ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕಿನಲ್ಲಿ, ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಮೊದಲ 1000 ಕಿ.ಮೀ. ಒಂದೇ ವೇಗದಲ್ಲಿ ಓಡಿಸದೆ, ಎಂಜಿನ್ನನ್ನು ಹಿಂಡದೆ ಸಾಗಿ. ಆ ಲೆಕ್ಕವನ್ನು ಬರೆದಿಡುವುದು ಅದಾದ ಮೇಲಿನ ಟ್ಯಾಂಕಿನಿಂದ ಶುರುವಾಗಲಿ.