ಮೊಣಕಾಲಿನಿಂದ ಭುಜದವರೆಗೆ

ಈ ಹಿರಿಯರ ವಸತಿ ಸಮುಚ್ಚಯಕ್ಕೆ ಬಂದ ಮೊದಲ ವರ್ಷವೇ ನಾನು ಸ್ಟೂಲಿನಿಂದ ಬಿದ್ದೆ. ಯಾಕೆ ಹತ್ತಿದ್ದೆ ಅಂತ ಹೇಳಿದರೆ ನಗ್ತೀರಿ. ಬಲ್ಬು ಬದಲಿಸೋದಕ್ಕಲ್ಲ, ಧೂಳು ಹೊಡೆಯೋದಕ್ಕೂ ಅಲ್ಲ. ಎದುರುಮನೆಯವರು ಬಂದಿದ್ದರು. ಮದುವೆಯ ಆಲ್ಬಮ್ ತೋರಿಸೋಣ ಅನ್ನಿಸಿತು. ಅದು ಬೀರುವಿನ ಮೇಲಿತ್ತು. ಆಲ್ಬಮ್ಮೂ ಬಿತ್ತು, ನಾನೂ ಬಿದ್ದೆ. ಮೂಳೆ ಮುರಿಯಲಿಲ್ಲ, ಪುಣ್ಯ. ಮಂಡಿ ಮಾತ್ರ ಮೂರು ವಾರ ಊದಿಕೊಂಡಿತ್ತು.

ಆ ಮೂರು ವಾರ ಕೂತಲ್ಲೇ ಕೂತು ಯೋಚನೆ ಮಾಡಿದೆ. ಪಾತ್ರೆ, ಮಾತ್ರೆ, ಟವೆಲ್ಲು ಎಲ್ಲ ಕೈಗೆ ಸಿಗುವ ಹಾಗೆ ಜೋಡಿಸಿಕೊಂಡಿದ್ದೆ. ನಲವತ್ತು ವರ್ಷ ಜೋಪಾನ ಮಾಡಿದ ಆಲ್ಬಮ್ಮನ್ನು ಮಾತ್ರ ಕೈಗೆಟುಕದ ಕಡೆ ಇಟ್ಟಿದ್ದೆ. ಜೋಪಾನ ಅಂದರೆ ಮೇಲೆ ಎತ್ತಿಡೋದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ, ಅಲ್ವಾ? ಆವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಮೊಣಕಾಲಿಗಿಂತ ಕೆಳಗೆ, ಭುಜಕ್ಕಿಂತ ಮೇಲೆ ಏನೂ ಇಡಬಾರದು. ಬಗ್ಗಿದರೆ ತಲೆ ತಿರುಗುತ್ತದೆ, ಹತ್ತಿದರೆ ಕಾಲು ಜಾರುತ್ತದೆ. ಪಾತ್ರೆಗೆ ಇರುವ ನಿಯಮವೇ ನೆನಪಿನ ವಸ್ತುವಿಗೂ. ಆ ಎತ್ತರದಲ್ಲಿ ಹಿಡಿಸದೇ ಇರುವುದು ಮನೆಯಲ್ಲೇ ಬೇಡ. ಸ್ಟೂಲನ್ನು ಕೊಟ್ಟುಬಿಟ್ಟೆ.

ಹೇಳೋದು ಸುಲಭ. ದೊಡ್ಡ ಮನೆಯ ಸಾಮಾನನ್ನು ಎರಡು ಕೋಣೆಗೆ ಇಳಿಸುವಾಗ ಜೀವ ಹೋಗಿ ಬರುತ್ತದೆ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನಾನು ಫೋಟೋಗಳಿಂದ ಶುರು ಮಾಡಿದೆ. ಮೊದಲ ಕವರು ಬಿಚ್ಚಿ ಕೂತವಳು ಕತ್ತಲಾದರೂ ಎದ್ದಿರಲಿಲ್ಲ. ಮನಸ್ಸು ಅಂಟದೇ ಇರುವ ಸಾಮಾನಿನಿಂದ ಶುರು ಮಾಡಿ. ಬಕೆಟ್ಟು, ಹೊದಿಕೆ, ಎರಡೆರಡು ಇರುವ ಪಾತ್ರೆ. ಇದು ಬೇಕು, ಇದು ಬೇಡ ಅನ್ನುವುದು ಕೈಗೆ ರೂಢಿಯಾಗಬೇಕು. ಫೋಟೋ, ಕಾಗದಪತ್ರಗಳು ಕೊನೆಗಿರಲಿ. ಯಾರಿಗಾದರೂ ಕೊಡೋದಿದ್ದರೆ ಈಗಲೇ ಕೊಡಿ, ಕೊಡುವಾಗಲೇ ಅದರ ಕಥೆ ಹೇಳಿ. ಕಥೆ ಇಲ್ಲದೆ ಹೋದ ಸಾಮಾನು ಅವರ ಮನೆಯಲ್ಲಿ ಬರೀ ಹಳೇ ಸಾಮಾನು.

ನಮ್ಮನೆಯವರ ಅಂಗಿಗಳು ಹನ್ನೊಂದಿದ್ದವು. ಒಂದನ್ನೂ ಬಿಡಲಾರೆ, ಹನ್ನೊಂದನ್ನೂ ಇಡಲಾರೆ. ಕೊನೆಗೆ ತೀರಾ ಹಳೆಯದನ್ನು ದಿಂಬಿನ ಚೀಲ ಮಾಡಿದೆ. ಹೊಲಿಯಲು ಬರುವವರಿಗೆ ಒಂದು ಉಪಾಯ ಹೇಳುತ್ತೇನೆ. ಅಂಗಿಯ ಗುಂಡಿಪಟ್ಟಿಯನ್ನು ಹಾಗೇ ಬಿಡಿ. ಗುಂಡಿ ಹಾಕಿ, ಅಂಗಿಯನ್ನು ತಿರುವಿ, ದಿಂಬಿನ ಅಳತೆಗೆ ಸುತ್ತಲೂ ಹೊಲಿಯಿರಿ. ಕೈ, ಕಾಲರು ಎಲ್ಲ ಕತ್ತರಿಸಿ ಹೋಗುತ್ತವೆ. ಒಗೆಯಬೇಕಾದಾಗ ಗುಂಡಿ ಬಿಚ್ಚಿದರೆ ದಿಂಬು ಹೊರಗೆ ಬರುತ್ತದೆ. ಜಿಪ್ಪು ಬೇಡ, ಏನೂ ಬೇಡ. ಜೇಬೂ ಹಾಗೇ ಉಳಿಯಿತು. ಕನ್ನಡಕ ಅದರಲ್ಲೇ ಇಡ್ತೀನಿ.

ಅವರ ರೇಡಿಯೊ ಮಾತ್ರ ನನ್ನ ಬೇಜವಾಬ್ದಾರಿಯಿಂದ ಹಾಳಾಗುವುದರಲ್ಲಿತ್ತು. ಒಳಗೆ ಸೆಲ್ಲು ಇರುವುದೇ ಮರೆತುಹೋಗಿತ್ತು. ವರ್ಷಗಟ್ಟಲೆ ಬಿಟ್ಟ ಸೆಲ್ಲು ಸೋರುತ್ತದೆ, ಒಳಗಿನ ಲೋಹದ ಪಟ್ಟಿಯನ್ನು ತಿನ್ನುತ್ತದೆ. ಗಡಿಯಾರ, ಕ್ಯಾಮೆರಾ, ಮೊಮ್ಮಕ್ಕಳು ಬಿಟ್ಟುಹೋದ ಆಟಿಕೆ, ಬಳಸದೇ ಇರುವ ಎಲ್ಲದರಿಂದ ಸೆಲ್ಲು ತೆಗೆದುಬಿಡಿ. ಆಲ್ಕಲೈನ್ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದ್ದರೆ ಕೈಗೆ ಗ್ಲೌಸ್ ಹಾಕಿ, ಹತ್ತಿಕಡ್ಡಿಯನ್ನು ಸ್ವಲ್ಪವೇ ಸ್ವಲ್ಪ ವಿನೆಗರಿನಲ್ಲಿ ಅದ್ದಿ ಒರೆಸಿ. ಪೂರ್ತಿ ಒಣಗಿಸಿದ ಮೇಲೆಯೇ ಹೊಸ ಸೆಲ್ಲು ಹಾಕಿ. ನಮ್ಮ ರೇಡಿಯೊ ಈಗ ಮಾತಾಡುತ್ತದೆ, ಸ್ವಲ್ಪ ಗೊರಗೊರ ಅಂತ.

ಇಲ್ಲಿನ ಬದುಕು ಹೇಗೆ ಅಂತ ಹೊಸಬರು ಕೇಳುತ್ತಾರೆ. ನಮ್ಮ ಬಾಗಿಲು ನಮ್ಮದು, ಬೀಗದಕೈ ನಮ್ಮದು. ಬೇಕಾದರೆ ಹೊರಗೆ ಬಂದು ನಾಲ್ಕು ಜನರ ಜೊತೆ ಕೂರಬಹುದು, ಬೇಡದಿದ್ದರೆ ಬಾಗಿಲು ಹಾಕಿಕೊಳ್ಳಬಹುದು. ಚೆನ್ನಾಗಿದೆ. ಆದರೆ ಬಾಗಿಲು ಹಾಕಿದ ಮೇಲೆ ಒಳಗೆ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಎದುರುಮನೆಯವರೂ ನಾನೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಬೆಳಗ್ಗೆ ಎಂಟರ ಒಳಗೆ ಇಬ್ಬರೂ ಕಿಟಕಿಯ ಪರದೆ ಸರಿಸಬೇಕು. ಸರಿಸದಿದ್ದರೆ ಫೋನ್. ಫೋನ್ ಎತ್ತದಿದ್ದರೆ ಬಾಗಿಲು ಬಡಿಯುವುದು. ಆಮೇಲೂ ಉತ್ತರ ಇಲ್ಲದಿದ್ದರೆ ಕಚೇರಿಯವರನ್ನು ಕರೆಯುವುದು. ಎರಡು ಸಲ ನಾನು ಸುಮ್ನೆ ಮಲಗಿಬಿಟ್ಟಿದ್ದೆ, ಬೈಸಿಕೊಂಡೆ. ಪರವಾಗಿಲ್ಲ.

ಬಚ್ಚಲಲ್ಲಿ ತುರ್ತು ಕರೆಯ ದಾರ ಇದ್ದರೆ ಈಗಲೇ ಎದ್ದು ಹೋಗಿ ನೋಡಿ. ನೆಲ ಒರೆಸುವಾಗ ಅಡ್ಡ ಬರುತ್ತೆ ಅಂತ ಎಷ್ಟೋ ಮನೆಗಳಲ್ಲಿ ಅದನ್ನು ಮೇಲೆ ಗಂಟು ಕಟ್ಟಿರುತ್ತಾರೆ. ನಿಂತಿರುವವರಿಗೆ ಆ ದಾರ ಬೇಕಾಗಿಲ್ಲ, ಬಿದ್ದವರಿಗೆ ಬೇಕು. ನೆಲದ ಹತ್ತಿರದವರೆಗೂ ಇಳಿದಿರಬೇಕು. ಟವೆಲ್ ಹಾಕುವ ಸರಳನ್ನು ಹಿಡಿದು ಏಳಬೇಡಿ. ಅದು ಟವೆಲ್ಲಿನ ತೂಕಕ್ಕೆ ಮಾಡಿದ್ದು, ನಮ್ಮ ತೂಕಕ್ಕಲ್ಲ. ಹಿಡಿಕೆಯ ಕಂಬಿ ಬೇರೆಯೇ ಹಾಕಿಸಿ. ಮಾತ್ರೆಗಳನ್ನು ಬಚ್ಚಲಲ್ಲಿ ಇಡಬೇಡಿ, ತೇವಕ್ಕೆ ಕೆಡುತ್ತವೆ. ರಾತ್ರಿ ಎದ್ದಾಗ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ. ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ಇರಲಿ. ಇಪ್ಪತ್ತರ ಕಣ್ಣಿನ ಒಳಗೆ ಹೋಗುವ ಬೆಳಕಿನಲ್ಲಿ ಮೂರನೇ ಒಂದು ಪಾಲು ಮಾತ್ರ ಅರವತ್ತರ ಕಣ್ಣಿಗೆ ಸಿಗುತ್ತದೆ ಅನ್ನುತ್ತಾರೆ. ದೀಪದ ವಿಷಯದಲ್ಲಿ ಜಿಪುಣತನ ಬೇಡ. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಅಡುಗೆಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದೊಂದೇ ಕಾಲಿನಲ್ಲಿ ನಿಲ್ಲುತ್ತೇನೆ. ನೀರು ಕಾಯುವಷ್ಟು ಹೊತ್ತು ಸಾಕು.

ಈಗ ಫೋಟೋಗಳ ವಿಷಯ. ನನಗೆ ಇದರಲ್ಲಿ ಸ್ವಲ್ಪ ಹುಚ್ಚು ಜಾಸ್ತಿ, ಸಹಿಸಿಕೊಳ್ಳಿ.

ಬಿದ್ದ ಆ ಆಲ್ಬಮ್ಮನ್ನು ಬಿಚ್ಚಿ ನೋಡಿದಾಗ ಹೊಟ್ಟೆ ಉರಿಯಿತು. ಅಂಟಿನ ಹಾಳೆ, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಆಲ್ಬಮ್ಮುಗಳು ನಿಮಗೂ ಗೊತ್ತಿರಬೇಕು. ಆಗ ಅದೇ ಫ್ಯಾಷನ್ನು. ಆ ಅಂಟು ವರ್ಷ ಕಳೆದಂತೆ ಹಳದಿಯಾಗುತ್ತದೆ, ಫೋಟೋವನ್ನೂ ಹಾಳು ಮಾಡುತ್ತದೆ. ನಿಮ್ಮ ಹತ್ತಿರ ಇದ್ದರೆ ಫೋಟೋಗಳನ್ನು ಹೊರಗೆ ತೆಗೆಯಿರಿ. ಉಗುರಿನಲ್ಲಿ ಕಿತ್ತರೆ ಮೂಲೆ ಹರಿಯುತ್ತದೆ. ಹಲ್ಲಿನ ಸಂದಿಗೆ ಹಾಕುವ ದಾರ ಇದೆಯಲ್ಲ, ಮೇಣ ವಾಸನೆ ಏನೂ ಇಲ್ಲದ್ದು, ಅದನ್ನು ಮೂಲೆಯಿಂದ ಫೋಟೋದ ಕೆಳಗೆ ತೂರಿಸಿ ಗರಗಸದ ಹಾಗೆ ನಿಧಾನವಾಗಿ ಎಳೆಯಿರಿ. ಬಂದರೆ ಬಂತು. ಬರದಿದ್ದರೆ ಹಟ ಬೇಡ, ಹಾಳೆಯ ಸಮೇತ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಿಟ್ಟುಬಿಡಿ. ತೆಗೆಯುವಾಗ ಫ್ಲ್ಯಾಶ್ ಬೇಡ. ಕಿಟಕಿಯ ಪಕ್ಕ, ನೇರ ಬಿಸಿಲಿಲ್ಲದ ಕಡೆ ಇಟ್ಟರೆ ಚೆನ್ನಾಗಿ ಬರುತ್ತದೆ.

ತೆಗೆದ ಫೋಟೋಗಳನ್ನು ಆಮ್ಲವಿಲ್ಲದ ಕಾಗದದ ಪೆಟ್ಟಿಗೆಯಲ್ಲಿಡಿ. ಹೊಸ ಪ್ಲಾಸ್ಟಿಕ್ ವಾಸನೆ ಘಂ ಅನ್ನುವ ಕವರುಗಳು ಬೇಡ, ಅವು ಸಾಮಾನ್ಯವಾಗಿ ಪಿವಿಸಿ ಅನ್ನುವ, ಫೋಟೋಗೆ ಆಗದ ಪ್ಲಾಸ್ಟಿಕ್. ಲ್ಯಾಮಿನೇಷನ್ನಂತೂ ಮಾಡಿಸಲೇಬೇಡಿ, ಒಮ್ಮೆ ಮಾಡಿಸಿದರೆ ಬಿಡಿಸಲಾಗುವುದಿಲ್ಲ. ಪತ್ರಿಕೆಯ ತುಣುಕನ್ನು ಫೋಟೋದ ಜೊತೆ ಸೇರಿಸಬೇಡಿ. ಆ ಕಾಗದದಲ್ಲಿರುವ ಆಮ್ಲ ಪಕ್ಕದ್ದನ್ನೂ ಹಳದಿ ಮಾಡುತ್ತದೆ. ಪೆಟ್ಟಿಗೆಯನ್ನು ಬಚ್ಚಲಿನ ಗೋಡೆಗೆ, ಒಲೆಯ ಹತ್ತಿರಕ್ಕೆ ತಾಗಿಸಬೇಡಿ. ನನ್ನದು ಮಲಗುವ ಕೋಣೆಯ ಕಪಾಟಿನಲ್ಲಿ, ಸೊಂಟದ ಎತ್ತರಕ್ಕಿದೆ. ಗೋಡೆಯ ಮೇಲೆ ಹಾಕೋದಾದರೆ ನಕಲು ಹಾಕಿ. ಬಣ್ಣದ ಫೋಟೋ ಬೆಳಕಿಗೆ ಬೇಗ ಮಸುಕಾಗುತ್ತದೆ, ಅಸಲು ಪೆಟ್ಟಿಗೆಯಲ್ಲೇ ಇರಲಿ.

ಎಲ್ಲಕ್ಕಿಂತ ಮುಖ್ಯ ಹಿಂಬದಿಯಲ್ಲಿ ಹೆಸರು ಬರೆಯೋದು. ಬಾಲ್ ಪೆನ್ನಿನಲ್ಲಿ ಬರೆದರೆ ಮುಂದಕ್ಕೆ ಒತ್ತು ಬೀಳುತ್ತದೆ, ಶಾಯಿಯೂ ಹರಡಬಹುದು. ಮೆತ್ತನೆಯ ಪೆನ್ಸಿಲ್ ತೆಗೆದುಕೊಂಡು, ಫೋಟೋವನ್ನು ಗಟ್ಟಿ ಮೇಜಿನ ಮೇಲೆ ಮಗುಚಿ, ಅಂಚಿನಲ್ಲಿ ಹಗುರಾಗಿ ಬರೆಯಿರಿ. ಪೆನ್ಸಿಲ್ ಮೂಡದ ನುಣುಪು ಕಾಗದವಾದರೆ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ. 'ಅಮ್ಮ' ಅಂತ ಬರೆಯಬೇಡಿ. ಯಾರ ಅಮ್ಮ? ನಿಮ್ಮ ಮೊಮ್ಮಗಳು ಅದನ್ನು ನೋಡುವಾಗ ಅಮ್ಮ ಅಂದರೆ ಬೇರೆಯವರು. ಪೂರ್ತಿ ಹೆಸರು, ಸುಮಾರು ವರ್ಷ, ಯಾವ ಮನೆ. ಅಷ್ಟು ಸಾಕು.

ವಾರಕ್ಕೊಂದು ಸಂಜೆ ನಾವು ಎಂಟ್ಹತ್ತು ಜನ ಕೆಳಗಿನ ಕೋಣೆಯಲ್ಲಿ ಸೇರುತ್ತೇವೆ. ಒಬ್ಬರು ಒಂದೇ ವಸ್ತು ತರಬೇಕು. ಇಡೀ ಆಲ್ಬಮ್ ತಂದರೆ ಉಳಿದವರು ತೂಕಡಿಸುತ್ತಾರೆ, ನಾನೇ ನೋಡಿದ್ದೇನೆ. 'ನಿಮ್ಮ ಜೀವನದ ಬಗ್ಗೆ ಹೇಳಿ' ಅಂದರೆ ಯಾರ ಬಾಯಿಯೂ ತೆರೆಯುವುದಿಲ್ಲ. 'ಮೊದಲ ಸಂಬಳದಲ್ಲಿ ಏನು ಕೊಂಡಿರಿ?' ಅಂದರೆ ನಿಲ್ಲಿಸೋದು ಕಷ್ಟ. ವಯಸ್ಸಾದವರಿಗೆ ಹತ್ತರಿಂದ ಮೂವತ್ತರ ನಡುವಿನ ನೆನಪುಗಳೇ ಹೆಚ್ಚು ಗಟ್ಟಿಯಾಗಿ ಉಳಿದಿರುತ್ತವಂತೆ. ಆ ವಯಸ್ಸಿನ ಬಗ್ಗೆಯೇ ಕೇಳಿ. ಕಿಟಕಿಗೆ ಬೆನ್ನು ಮಾಡಿ ಕೂತು ಮಾತಾಡಬೇಡಿ. ಮುಖದ ಮೇಲೆ ನೆರಳು ಬಿದ್ದರೆ ಕಿವಿ ಮಂದವಾದವರಿಗೆ ತುಟಿ ಕಾಣುವುದಿಲ್ಲ. ಯಾರಾದರೂ ಇಸವಿ ತಪ್ಪಾಗಿ ಹೇಳಿದರೆ ತಿದ್ದಬೇಡಿ. ಪರೀಕ್ಷೆ ನಡೆಸುತ್ತಿಲ್ಲವಲ್ಲ ನಾವು.

ಹಳೇ ಕಥೆ ಮತ್ತೆ ಮತ್ತೆ ಹೇಳುವುದನ್ನು ಒಂದು ಕಾಲದಲ್ಲಿ ವೈದ್ಯರೇ ಮನಸ್ಸು ಕುಸಿಯುತ್ತಿರುವ ಗುರುತು ಅಂದುಕೊಂಡಿದ್ದರು. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರು ಅದು ಕಾಯಿಲೆಯಲ್ಲ, ಬದುಕನ್ನು ತಿರುಗಿ ನೋಡಿಕೊಳ್ಳುವ ಸಹಜ ಕೆಲಸ ಅಂತ ಬರೆದರು. ನನ್ನ ಮಗನಿಗೆ ಇದನ್ನು ಫೋನಿನಲ್ಲಿ ಓದಿ ಹೇಳಿದೆ. 'ಆಯ್ತಮ್ಮ, ಹೇಳು' ಅಂದ.

ನಮ್ಮ ಪೆಟ್ಟಿಗೆಯಲ್ಲಿ ಒಂದು ಫೋಟೋ ಇದೆ. ಬಾಗಿಲ ಮುಂದೆ ಐದು ಜನ. ನಾಲ್ವರು ಯಾರೆಂದು ಗೊತ್ತು. ಬಲತುದಿಯ ಹುಡುಗಿ, ಕೈಯಲ್ಲಿ ಛತ್ರಿ ಹಿಡಿದು ನಗುತ್ತಿರುವವಳು, ಯಾರೋ ಗೊತ್ತಿಲ್ಲ. ನಮ್ಮನೆಯವರಿಗೆ ಗೊತ್ತಿತ್ತು. ಕೇಳೋಣ ಕೇಳೋಣ ಅಂತ ಕೇಳಲೇ ಇಲ್ಲ. ನಾಲ್ಕು ಹೆಸರು ಬರೆದು, ಐದನೆಯದರ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೇನೆ. ಮುಂದಿನ ಸಲ ನಾದಿನಿ ಬಂದಾಗ ತೋರಿಸಬೇಕು. ಪೆನ್ಸಿಲ್ ತಾನೆ, ಅಳಿಸಿ ಹೆಸರು ಬರೆಯಬಹುದು.